ಟೂರಿಸ್ಟ್ ಕ್ಲಬ್ಬಿನ ಕಾರಿಗೊಂದು ಪ್ಲಗ್ಗು

ಸ್ಟೇಸಿ ಎಲೆಕ್ಟ್ರಿಕ್ ಕಾರು ತಗೊಂಡಳು ಎಂಬ ಸುದ್ದಿ ಕೇಳಿದವರು ಯಾರೂ ಅದು ಯಾವ ಕಂಪನಿಯದ್ದು ಎಂದು ಕೇಳಲಿಲ್ಲ, ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ ಎಂದೂ ಕೇಳಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: ಮನೆ ಎಲ್ಲಿ? ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾ ಎಂದು ಅವಳು ಹೇಳಿದ ಕೂಡಲೇ ಎದುರಿನವರ ಮುಖ, ಹುಡುಗನಿಗೆ ಕೆಲಸವೇ ಇಲ್ಲ ಎಂದು ನಿಶ್ಚಿತಾರ್ಥದ ದಿನ ಗೊತ್ತಾದವರ ಮುಖದಂತೆ ಸಣ್ಣಗಾಗುತ್ತಿತ್ತು.

ದುಬೈಯಲ್ಲಿದ್ದ ಅವಳ ಕಸಿನ್ ಮೆಲ್ವಿನ್‌ನ ಟವರಿನ ಬೇಸ್‌ಮೆಂಟಿನಲ್ಲಿ ಚಾರ್ಜರುಗಳು ಸಾಲಾಗಿ ನಿಂತಿದ್ದವು. ರಾತ್ರಿ ಮೊಬೈಲ್ ಸಿಕ್ಕಿಸಿದ ಹಾಗೆ ಕಾರು ಸಿಕ್ಕಿಸಿ ಅವನು ಲಿಫ್ಟ್ ಹತ್ತುತ್ತಿದ್ದ. ರುವೈಸಿನ ರಿಫೈನರಿಯಲ್ಲಿ ಟೆಕ್ನಿಷಿಯನ್ ಆಗಿದ್ದ ಪಪ್ಪ, ತನ್ನ ಕಂಪನಿ ಕ್ವಾರ್ಟರ್ಸಿನ ಹತ್ತಿರ ಹೊಸದಾಗಿ ಹಾಕಿದ ಚಾರ್ಜರುಗಳ ಮೇಲೆ ಧೂಳು ಕೂತಿದೆ, ಮುಟ್ಟುವವರೇ ಇಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಅಲ್ಲಿ ಚಾರ್ಜರ್ ಇತ್ತು, ಕಾರಿರಲಿಲ್ಲ. ಇಲ್ಲಿ ಅಬುಧಾಬಿಯಲ್ಲಿ ಮಗಳ ಹತ್ತಿರ ಕಾರಿತ್ತು.

ಅವರ ಬಿಲ್ಡಿಂಗ್ ಹಳೆಯದು. ಬೇಸ್‌ಮೆಂಟ್ ಇಲ್ಲ. ಹಿಂಬದಿಯಲ್ಲಿ ಕಂಪೌಂಡಿನ ಗೋಡೆಗೆ ತಾಗಿದಂತೆ, ತಗಡಿನ ಮಾಡಿನ ಕೆಳಗೆ ಕೆಲವೇ ಕೆಲವು ಕಾರುಗಳಿಗೆ ಜಾಗ. ಅದರಲ್ಲೊಂದು ಪಪ್ಪನ ಹೆಸರಿನದ್ದು. ಆ ಏರಿಯಾದಲ್ಲಿ ಸ್ವಂತ ಪಾರ್ಕಿಂಗ್ ಇರುವವರನ್ನು ಜನ ಬೇರೆಯೇ ಮರ್ಯಾದೆಯಿಂದ ನೋಡುತ್ತಾರೆ. ಉಳಿದವರು ಸಂಜೆ ಕೆಲಸ ಮುಗಿಸಿ ಬಂದು ಬೀದಿ ಬೀದಿ ಸುತ್ತಿ, ಜಾಗ ಸಿಗದೆ, ಯಾರದ್ದೋ ಕಾರಿನ ಹಿಂದೆ ಅಡ್ಡ ನಿಲ್ಲಿಸಿ, ಗಾಜಿನೊಳಗೆ ಮೊಬೈಲ್ ನಂಬರಿನ ಚೀಟಿ ಇಟ್ಟು ಮನೆಗೆ ಹೋಗುತ್ತಾರೆ. ಊಟದ ಮಧ್ಯೆ ಫೋನ್ ಬಂದರೆ ತೊಳೆಯದ ಕೈಯಲ್ಲೇ ಕೆಳಗೆ ಓಡುತ್ತಾರೆ. ಪಪ್ಪ ರುವೈಸಿನಿಂದ ಬರುವ ವಾರಾಂತ್ಯ ಬಿಟ್ಟರೆ ಸ್ಟೇಸಿಗೆ ಆ ಕಷ್ಟ ಇರಲಿಲ್ಲ. ಅವಳ ಕಾರಿಗೆ ನೆರಳಿತ್ತು, ಜಾಗವಿತ್ತು. ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಮಾತ್ರ ಇರಲಿಲ್ಲ. ಮನೆಯಿಂದ ವೈರ್ ಇಳಿಬಿಡೋಣ ಎಂದರೆ ಮನೆ ಒಂಬತ್ತನೇ ಮಹಡಿಯಲ್ಲಿ.

ಹಾಗಾದರೆ ಯಾಕೆ ತಗೊಂಡೆ ಎಂದು ಮಮ್ಮಿ ತೆರೆಸಾ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಕಾರಣ ಇತ್ತು. ಸ್ಟೇಸಿ ಫಿಸಿಯೋಥೆರಪಿಸ್ಟ್. ಕೆಲಸಕ್ಕೆ ಸೇರಿದಾಗಿನಿಂದ ಒಂದು ಕ್ಲಿನಿಕ್ಕಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬಂದವರ ಬೆನ್ನಿಗೆ ಮಷಿನ್ ಹಚ್ಚಿ, ಅದು ಟೊಂಯ್ ಎಂದಾಗ ತೆಗೆಯುವುದೇ ಅವಳ ಕೆಲಸವಾಗಿತ್ತು. ಅದೇ ಕ್ಲಿನಿಕ್ಕಿನವರು ರೋಗಿಗಳ ಮನೆಗೇ ಹೋಗಿ ಚಿಕಿತ್ಸೆ ಕೊಡುವ ಹೊಸ ವಿಭಾಗ ಶುರುಮಾಡಿದಾಗ, ಸ್ವಂತ ಕಾರು ಇರುವವರು ಹೆಸರು ಕೊಡಿ ಎಂದರು. ಆಗ ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಸಹೋದ್ಯೋಗಿ ಅವಸರದಲ್ಲಿ ತನ್ನ ಎಲೆಕ್ಟ್ರಿಕ್ ಕಾರು ಮಾರುತ್ತಿದ್ದಳು. ಸ್ಟೇಸಿ ಒಮ್ಮೆ ಓಡಿಸಿ ನೋಡಿದಳು. ಸದ್ದಿಲ್ಲ, ನಡುಕವಿಲ್ಲ, ಕಾಲು ಒತ್ತಿದರೆ ಬಾಣ. ಅಲ್ಲಿಗೆ ಮುಗಿಯಿತು. ಮನೆಗೆ ಬಂದು ಕೀಲಿ ತೋರಿಸಿದ ಮೇಲೆಯೇ ಮಮ್ಮಿಗೆ ವಿಷಯ ಗೊತ್ತಾದದ್ದು.

ಈಗ ಅವಳ ದಿನಗಳಿಗೆ ಕಿಟಕಿ ಇತ್ತು. ಶಹಾಮದಲ್ಲಿ ಮಂಡಿ ಆಪರೇಷನ್ ಆದ ಒಬ್ಬರು, ಮುಸಫ್ಫಾದಲ್ಲಿ ಬೆನ್ನು ಮುರಿದುಕೊಂಡ ಡ್ರೈವರ್ ಒಬ್ಬ, ಖಲೀಫಾ ಸಿಟಿಯಲ್ಲಿ ಲೈಲಾ. ಲೈಲಾ ನಿವೃತ್ತ ಟೀಚರ್, ಪಾರ್ಶ್ವವಾಯು ಬಡಿದು ಬಲಗಾಲು ಎಳೆಯುತ್ತಿತ್ತು. ಸೋಫಾದಿಂದ ಎದ್ದು ವರಾಂಡದ ತನಕ ಒಬ್ಬಳೇ ನಡೆಯಬೇಕು, ಅಷ್ಟೇ ಅವಳ ಆಸೆ. ವಾರ ವಾರ ಒಂದೊಂದು ಹೆಜ್ಜೆ ಕೂಡುತ್ತಿತ್ತು. ಲೈಲಾಳ ಮನೆಯ ಗ್ಯಾರೇಜಿನಲ್ಲಿ ಗೋಡೆಗೆ ಚೆಂದದ ಚಾರ್ಜರ್ ಇತ್ತು. ಸಿಕ್ಕಿಸಿಕೋ ಎಂದು ಅವಳ ಮಗ ಎಷ್ಟೋ ಸಲ ಹೇಳಿದ್ದ. ರೋಗಿಯ ಮನೆಯಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ಕ್ಲಿನಿಕ್ಕಿನ ನಿಯಮ. ಸ್ಟೇಸಿ ಪ್ರತಿ ಸಲ ಆ ಚಾರ್ಜರನ್ನು ನೋಡಿ, ಥ್ಯಾಂಕ್ಸ್ ಹೇಳಿ, ಕಾರನ್ನು ಗೇಟಿನ ಹೊರಗೆ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದಳು.

ತೊಂದರೆ ಆದದ್ದು ಮಾಲ್‌ಗಳ ಚಾರ್ಜರಿನಿಂದ. ಹೋದಾಗ ಮುಂದೆ ಎರಡು ಕಾರು ಕಾಯುತ್ತಿರುತ್ತಿದ್ದವು. ಕೆಲವೊಮ್ಮೆ ಚಾರ್ಜ್ ಮುಗಿದರೂ ಕಾರು ಬಿಟ್ಟು ಸಿನೆಮಾಕ್ಕೆ ಹೋದವನ ದಾರಿ ಕಾಯಬೇಕಿತ್ತು. ಹೀಗೆ ಎರಡು ಸಲ ರೋಗಿಯ ಮನೆಗೆ ತಡವಾಯಿತು. ಮೇಲಧಿಕಾರಿ ಸುಮಿತ್ರಾ ಮೇಡಂ ಬೈಯುವ ಪೈಕಿ ಅಲ್ಲ. ಕರೆದು ಕೂರಿಸಿ, ಇನ್ನೊಂದು ಸಲ ಹೀಗಾದರೆ ಈ ಮನೆಗಳನ್ನು ಬೇರೆಯವರಿಗೆ ಕೊಡುತ್ತೇನೆ, ನೀನು ಮತ್ತೆ ಮಷಿನ್ ಕೋಣೆಗೆ ಬಾ ಎಂದು ಮೆತ್ತಗೆ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಸ್ಟೇಸಿಗೆ ಅನಿಸಿತು.

"ಕಾರು ಮಾರಿ ಪೆಟ್ರೋಲಿಂದು ತಗೋ ಬಾಯ್," ಎಂದಳು ಮಮ್ಮಿ, ಹುಡುಗಿಯರನ್ನು ಕೊಂಕಣಿಯಲ್ಲಿ ಬಾಯ್ ಎಂದೇ ಕರೆಯುವುದು. "ಎಂತಕ್ಕೆ ಈ ಹಟ?"

"ಕಾರಿಂದು ಎಂತ ತಪ್ಪಿಲ್ಲ ಮಮ್ಮಿ. ತಪ್ಪು ಪ್ಲಗ್ಗಿಂದು. ಪ್ಲಗ್ ಹುಡುಕ್ತೇನೆ."

ಹಾಗೆ ಹುಡುಕುತ್ತಿರುವಾಗಲೇ ಅಕ್ಟೋಬರ್ ಬಂತು.

ಅಕ್ಟೋಬರ್ ಎಂದರೆ ಜಪಮಾಲೆಯ ತಿಂಗಳು. ಕರಾವಳಿಯ ಕೊಂಕಣಿ ಕ್ರಿಶ್ಚಿಯನ್ನರು ಎಲ್ಲಿದ್ದರೂ ಆ ತಿಂಗಳು ಸಂಜೆ ತೇರ್ಸ್ ಬಿಡುವುದಿಲ್ಲ. ಜಪಮಾಲೆಯ ಪ್ರಾರ್ಥನೆಗೆ ಅವರು ತೇರ್ಸ್ ಎನ್ನುವುದು. ಅಬುಧಾಬಿಯ ಇವರ ಗುಂಪಿನಲ್ಲಿ ದಿನಕ್ಕೊಂದು ಮನೆ. ಮರಿಯ ಮಾತೆಯ ಪ್ರತಿಮೆ ಇವತ್ತು ಒಬ್ಬರ ಮನೆಯಲ್ಲಿದ್ದರೆ ನಾಳೆ ಸಂಜೆ ಇನ್ನೊಬ್ಬರ ಮನೆಗೆ ಹೋಗುತ್ತದೆ. ಎಲ್ಲರೂ ಅಲ್ಲಿ ಸೇರಿ ತೇರ್ಸ್ ಹೇಳಿ, ಹಾಡು ಹಾಡಿ, ಮನೆಯವರು ಮಾಡಿದ್ದನ್ನು ತಿಂದು ಬರುವುದು. ಪ್ರತಿಮೆಯನ್ನು ಮನೆಯಿಂದ ಮನೆಗೆ ಒಯ್ಯುವ ಕೆಲಸಕ್ಕೆ ಮಾತ್ರ ವರ್ಷವೂ ಜನ ಸಿಗುತ್ತಿರಲಿಲ್ಲ, ಟ್ರಾಫಿಕ್ಕಿನಲ್ಲಿ ಊರಿಡೀ ಸುತ್ತಬೇಕಲ್ಲ. ಈ ವರ್ಷ ಗುಂಪಿನ ಮುಖಂಡ ಆಲ್ಫೋನ್ಸ್ ಅಂಕಲ್ ಯಾರಾದರೂ ಮುಂದೆ ಬನ್ನಿ ಎಂದು ಕೇಳುವಷ್ಟರಲ್ಲಿ ಸ್ಟೇಸಿ ಕೈ ಎತ್ತಿದ್ದಳು.

ತೆರೆಸಾ ಮಗಳ ಕಡೆ ತಿರುಗಿ ನೋಡಿದಳು. ಪ್ರಾರ್ಥನೆ ಎಂದರೆ ಆಕಳಿಸುವ ಹುಡುಗಿ.

ಸ್ಟೇಸಿಯ ಲೆಕ್ಕಾಚಾರ ಸರಳ. ಗುಂಪಿನಲ್ಲಿ ಅರ್ಧದಷ್ಟು ಮಂದಿ ಟೂರಿಸ್ಟ್ ಕ್ಲಬ್, ಎಲೆಕ್ಟ್ರಾ ರಸ್ತೆ ಕಡೆಯ ಫ್ಲ್ಯಾಟುಗಳಲ್ಲಿದ್ದರು, ಉಳಿದರ್ಧ ಊರ ಹೊರಗಿನ ವಿಲ್ಲಾಗಳಲ್ಲಿ. ವಿಲ್ಲಾ ಎಂದರೆ ಅಂಗಳ, ಅಂಗಳ ಎಂದರೆ ಗೋಡೆ, ಗೋಡೆ ಎಂದರೆ ಪ್ಲಗ್ಗು. ಡಿಕ್ಕಿಯಲ್ಲಿ ಮಾಮೂಲಿ ಮೂರು ಪಿನ್ನಿಗೆ ಹಾಕುವ ಚಾರ್ಜರ್ ಹೇಗೂ ಇತ್ತು. ಮನೆಯವರನ್ನು ಕೇಳಿಯೇ ಸಿಕ್ಕಿಸುವುದು, ಕದ್ದಲ್ಲ. ಯಾರೂ ಬೇಡ ಎನ್ನಲಿಲ್ಲ. ಪ್ರತಿಮೆಯನ್ನು ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿಕೊಂಡು ಅವಳು ಬಂದಿಳಿದ ಕೂಡಲೇ, ಗಂಡಸರು ಪ್ರತಿಮೆಗೆ ಕೈ ಹಚ್ಚುವುದು, ಹುಡುಗರು ವೈರ್‌ಗೆ ಕೈ ಹಚ್ಚುವುದು ಒಂದು ಕ್ರಮವೇ ಆಗಿಹೋಯಿತು.

ಆದರೆ ಮೂರು ಪಿನ್ನಿನ ಚಾರ್ಜರ್ ಭಾರಿ ನಿಧಾನ. ಮನೆಯವರು ಬಡಿಸುವ ಹೊತ್ತೂ ಸೇರಿ ಎರಡು ಮೂರು ಗಂಟೆ ಸಿಕ್ಕಿದರೆ ಮರುದಿನದ ಓಡಾಟಕ್ಕೆ ಹೇಗೋ ಸಾಕು. ಹಾಗಾಗಿ ಗುಂಪಿನವರು ಕಂಡು ಕೇಳರಿಯದ ಒಂದು ಬದಲಾವಣೆ ಆಯಿತು. ಸ್ಟೇಸಿಗೆ ಭಕ್ತಿ ಬಂತು. ಮೊದಲೆಲ್ಲ ಹಾಡಿನ ಎರಡು ಚರಣ ಮುಗಿದರೆ ಚಪ್ಪಲಿ ಹುಡುಕುತ್ತಿದ್ದವಳು ಈಗ ಎಲ್ಲ ಚರಣವೂ ಆಗಲಿ ಎಂದಳು. ಸ್ತುತಿಮಾಲೆಯನ್ನು ಓದುವುದು ಬೇಡ, ರಾಗದಲ್ಲಿ ಹಾಡೋಣ ಎಂದಳು. ಮುಗಿಯುವಾಗ, ಊರಿನಲ್ಲಿ ಹುಷಾರಿಲ್ಲದವರಿಗಾಗಿ ಇನ್ನೊಂದು ಪ್ರಾರ್ಥನೆ ಎಂದು ನೆನಪಿಸಿದಳು. ವಯಸ್ಸಾದವರಿಗೆ ಸಂತೋಷವೋ ಸಂತೋಷ. ಅವಳ ಓರಗೆಯವರಿಗೆ ಮಾತ್ರ ಗುಟ್ಟು ಗೊತ್ತಿತ್ತು. ಇವತ್ತು ಎಷ್ಟು ಪರ್ಸೆಂಟ್ ಪ್ರಾರ್ಥನೆ ಎಂದು ಕಿವಿಯಲ್ಲಿ ಕೇಳಿ ನಗುತ್ತಿದ್ದರು.

ಫ್ಲ್ಯಾಟಿನವರ ಸರದಿ ಇದ್ದ ದಿನ ಅವಳು ಬೆಳಿಗ್ಗೆ ಬೇಗ ಎದ್ದು ಮಾಲ್‌ಗೆ ಓಡುತ್ತಿದ್ದಳು. ವಿಲ್ಲಾದವರ ಸರದಿ ಬಂದರೆ ನಿಶ್ಚಿಂತೆ. ತಿಂಗಳ ಅರ್ಧ ಹೀಗೆ ದಾಟಿತು. ಒಂದು ವಿಸಿಟ್ಟೂ ತಪ್ಪಲಿಲ್ಲ. ಲೈಲಾ ಗೋಡೆ ಹಿಡಿದು ಬಾಗಿಲ ತನಕ ಬಂದಳು.

ಆಮೇಲೆ ಆಲ್ಫೋನ್ಸ್ ಅಂಕಲ್ ಮನೆಯ ಸರದಿ ಬಂತು.

ಆಲ್ಫೋನ್ಸ್ ಅಂಕಲ್ ಹಿಂದಿನ ವರ್ಷವಷ್ಟೇ ಫ್ಲ್ಯಾಟ್ ಬಿಟ್ಟು ಊರ ಹೊರಗಿನ ಹೊಸ ಬಡಾವಣೆಗೆ ಹೋಗಿದ್ದರು. ಅಂದಿನಿಂದ ಅವರ ಬಾಯಲ್ಲಿ ವಿಲ್ಲಾ ಎಂಬ ಮಾತು ಇಲ್ಲದೆ ವಾಕ್ಯ ಮುಗಿಯುತ್ತಿರಲಿಲ್ಲ. ವಿಲ್ಲಾದಲ್ಲಿ ಗಾಳಿ ಚೆನ್ನಾಗಿದೆ, ವಿಲ್ಲಾದಲ್ಲಿ ಕರಿಬೇವು ನೆಟ್ಟಿದ್ದೇನೆ, ವಿಲ್ಲಾಕ್ಕೆ ಒಮ್ಮೆ ಬನ್ನಿ. ಆದರೆ ಯಾರೂ ಹೋಗಿರಲಿಲ್ಲ, ಹೋಗುವ ದಿನ ಬಂದಾಗಲೆಲ್ಲ ಅವರಿಗೆ ಏನಾದರೊಂದು ಕೆಲಸ ಬರುತ್ತಿತ್ತು. ತೇರ್ಸ್ ಸರದಿಯನ್ನು ಮುಖಂಡನೇ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಸ್ಟೇಸಿ ಗೇಟಿನ ಒಳಗೆ ಕಾರು ತಂದಾಗ ಮನೆ ದೊಡ್ಡದಾಗಿಯೇ ಕಂಡಿತು. ಒಂದು ಬದಿಯ ಬಾಗಿಲಿನಿಂದ ಅಂಕಲ್ ಹೊರಗೆ ಬಂದರು. ಆ ಗೋಡೆಯುದ್ದಕ್ಕೂ ಬೇರೆ ಬಾಗಿಲುಗಳೂ ಇದ್ದವು, ಪ್ರತಿ ಬಾಗಿಲ ಮುಂದೆಯೂ ಚಪ್ಪಲಿಗಳ ರಾಶಿ, ಒಂದೊಂದು ಗ್ಯಾಸ್ ಸಿಲಿಂಡರ್. ಕಿಟಕಿ ಕಿಟಕಿಗೂ ಎಸಿ ಗುಂಯ್ ಎನ್ನುತ್ತಿತ್ತು. ಸ್ಟೇಸಿಗೆ ಯಾಕೋ ಸರಿ ಕಾಣಲಿಲ್ಲ. ಇವತ್ತು ಚಾರ್ಜ್ ಬೇಡ ಅಂಕಲ್, ನಾಳೆ ನೋಡ್ತೇನೆ ಎಂದಳು. ಜನ ಸುತ್ತ ನಿಂತಿದ್ದರು.

"ನಾಳೆ ಎಂತಕ್ಕೆ?" ಎಂದರು ಆಲ್ಫೋನ್ಸ್ ಅಂಕಲ್, ಎಲ್ಲರಿಗೂ ಕೇಳುವ ಹಾಗೆ. "ಎಲ್ಲರ ಮನೆಯಲ್ಲಿ ಹಾಕ್ತಿ, ನಮ್ಮಲ್ಲಿ ಹಾಕ್ಲಿಕ್ಕೆ ಎಂತ? ವಿಲ್ಲಾ ಅಲ್ವಾ ಇದು. ಹಾಕು ಬಾಯ್, ಹಾಕು."

ಅವರೇ ವೈರ್ ಎಳೆದು ಸಿಕ್ಕಿಸಿದರು.

ಜಪಮಾಲೆಯ ಐದು ಭಾಗಗಳಲ್ಲಿ, ಅಂದರೆ ರಹಸ್ಯಗಳಲ್ಲಿ, ನಾಲ್ಕನೆಯದರ ನಡುವೆ, ಹತ್ತು ನಮೋ ಮರಿಯೆಗಳಲ್ಲಿ ಅರ್ಧ ಆಗಿರುವಾಗ, ಒಳಗೆ ಓವನ್ನಿನಲ್ಲಿ ಪಫ್ಸ್ ಬಿಸಿಯಾಗುತ್ತಿರುವಾಗ, ಟಪ್ ಎಂದು ಎಲ್ಲ ಹೋಯಿತು. ದೀಪ, ಎಸಿ, ಓವನ್ ಎಲ್ಲ. ಮಾತೆಯ ಮುಂದಿನ ಮೇಣದ ಬತ್ತಿ ಮಾತ್ರ ಉಳಿಯಿತು. ಪ್ರಾರ್ಥನೆ ನಿಲ್ಲಿಸುವ ಹಾಗಿಲ್ಲ, ಹೇಳುತ್ತಲೇ ಇದ್ದರು. ಆದರೆ ಅವರ ನಮೋ ಮರಿಯೆಯ ಮೇಲಿನಿಂದ ಬೇರೆ ಸದ್ದು ಕೇಳತೊಡಗಿತು. ಗೋಡೆಯ ಆಚೆ ಮಗು ಅತ್ತಿತು. ಮೇಲೆ ಯಾರೋ ದಡದಡ ಓಡಿದರು. ಅಂಗಳದ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಮೊಬೈಲ್ ಟಾರ್ಚ್ ಹಿಡಿದುಕೊಂಡು ಲುಂಗಿಯವರು, ನೈಟಿಯವರು, ಅರ್ಧ ಶೇವ್ ಮಾಡಿದ ಒಬ್ಬರು ಹೊರಗೆ ಬಂದು ನಿಂತರು. ಅವರಲ್ಲೊಬ್ಬ ಒಳಗೆ ಇಣುಕಿ, ಆಲ್ಫೋನ್ಸ್ ಭಾಯ್, ನಿಮ್ಮ ರೂಮಿನಲ್ಲಿ ಎಂತ ಹಾಕಿದಿರಿ, ಇಡೀ ಮನೆಯ ಮೇನ್ ಹೋಗಿದೆ, ಮೀಟರ್ ಕೋಣೆಯ ಕೀಲಿ ಇರುವವನು ಅಲ್ ಐನ್‌ಗೆ ಹೋಗಿದ್ದಾನೆ ಎಂದು ಹಿಂದಿಯಲ್ಲಿ ಹೇಳಿದ.

ರೂಮು ಎಂದ ಕೂಡಲೇ ಗುಂಪಿನವರಿಗೆಲ್ಲ ತಿಳಿಯಿತು. ಒಂದು ವಿಲ್ಲಾವನ್ನು ಪ್ಲೈವುಡ್ಡಿನಿಂದ ತುಂಡು ತುಂಡು ಮಾಡಿ, ತುಂಡಿಗೊಂದು ಸಂಸಾರ ಕೂರಿಸಿದ ಪಾರ್ಟಿಷನ್ ಮನೆ ಅದು. ಅಂಕಲ್‌ನ ವಿಲ್ಲಾ ಎಂದರೆ ಈ ಹಾಲು, ಹಿಂದಿನ ಒಂದು ಬೆಡ್‌ರೂಮು. ಇಡೀ ಮನೆಗೆ ಒಂದೇ ಲೈನು. ಅಂಕಲ್ ಜಪಮಾಲೆಯ ಮಣಿ ಒತ್ತುತ್ತ, ಮೇಣದ ಬತ್ತಿಯನ್ನೇ ನೋಡುತ್ತ, ಕೊನೆಯ ಮಣಿಯ ತನಕ ಪ್ರಾರ್ಥನೆ ಮುಗಿಸಿದರು. ಬೆವರು ಅವರ ಕಿವಿಯಿಂದ ಇಳಿಯುತ್ತಿತ್ತು. ಅರೆಬಿಸಿಯಾದ ಪಫ್ಸ್ ಯಾರೂ ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಗುಂಪಿನ ವಾಟ್ಸಾಪಿನಲ್ಲಿ ಅಂಕಲ್‌ನ ಮೆಸೇಜು ಇತ್ತು. ತೇರ್ಸಿಗೆ ಬರುವವರು ಪ್ರಾರ್ಥನೆಗೆಂದೇ ಬರಬೇಕು, ಬೇರೆ ಉದ್ದೇಶಕ್ಕಲ್ಲ. ಹೆಸರು ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ. ಓದುವಾಗ ಸ್ಟೇಸಿ ಮಾಲ್‌ನ ಪಾರ್ಕಿಂಗಿನಲ್ಲಿ ಚಾರ್ಜರಿಗೆ ಕಾಯುತ್ತಿದ್ದಳು, ಮಮ್ಮಿ ಕಟ್ಟಿಕೊಟ್ಟ ಉಪ್ಪಿಟ್ಟಿನ ಡಬ್ಬಿ ಮಡಿಲಲ್ಲಿತ್ತು. ಕಣ್ಣು ಉರಿಯಿತು. ಆದರೆ ಅವಳ ಸರದಿ ಬಂದಿತ್ತು, ಇಳಿದು ವೈರ್ ಸಿಕ್ಕಿಸಿದಳು. ಶಹಾಮದ ವಿಸಿಟ್ಟಿಗೆ ಸರಿಯಾದ ಹೊತ್ತಿಗೆ ಮುಟ್ಟಿದಳು.

ಅಂದು ಸಂಜೆ ಅವಳು ನೇರ ಅಂಕಲ್ ಕೆಲಸ ಮಾಡುವ ಹೋಟೆಲಿಗೆ ಹೋದಳು. ಅವರು ಅಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಹಿಂಬಾಗಿಲ ಹತ್ತಿರ, ತರಕಾರಿ ಕ್ರೇಟುಗಳ ನಡುವೆ ನಿಂತು ಸ್ಟೇಸಿ ಸಾರಿ ಹೇಳಿದಳು. ಬೇಡ ಅಂತ ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ, ಇನ್ನು ಮೇಲೆ ಯಾರ ಮನೆಯಲ್ಲೂ ಸಿಕ್ಕಿಸುವುದಿಲ್ಲ, ಆದರೆ ಪ್ರತಿಮೆ ಒಯ್ಯುವ ಕೆಲಸ ಒಪ್ಪಿಕೊಂಡಿದ್ದೇನೆ, ತಿಂಗಳು ಮುಗಿಯುವ ತನಕ ಒಯ್ಯುತ್ತೇನೆ ಎಂದಳು.

ಆಲ್ಫೋನ್ಸ್ ಅಂಕಲ್ ಒಂದು ಕ್ರೇಟನ್ನು ಅಲ್ಲಿಂದ ಇಲ್ಲಿಗೆ ಸರಿಸಿದರು. ಸರಿಸುವ ಅಗತ್ಯ ಅದಕ್ಕಿರಲಿಲ್ಲ.

"ಸಿಕ್ಕಿಸಿದ್ದು ನಾನೇ ಅಲ್ವಾ," ಎಂದರು ಕೊನೆಗೆ. "ಎಲ್ಲರೂ ಮನೆ ಎಲ್ಲಿ, ಮನೆ ಎಲ್ಲಿ ಕೇಳ್ತಾರೆ. ವಿಲ್ಲಾ ಅಂದೆ. ಸುಳ್ಳಂತೂ ಅಲ್ಲ." ಕ್ರೇಟನ್ನು ಮೊದಲಿದ್ದಲ್ಲಿಗೇ ವಾಪಸ್ ತಳ್ಳಿ, "ನನ್ನ ಕತೆ ಬಿಡು. ನಿಮ್ಮಪ್ಪನ ಹೆಸರಲ್ಲಿ ಜಾಗ ಉಂಟಲ್ಲ ಅಲ್ಲಿ? ಕಂಡವರ ಅಂಗಳಕ್ಕೆ ಯಾಕೆ ಹೋಗ್ತಿ? ನಿನ್ನ ಬಿಲ್ಡಿಂಗಲ್ಲಿ ಕೇಳು."

ಕೇಳಿದ್ದೇನೆ, ನಾತೂರ್ ಆಗುವುದಿಲ್ಲ ಎಂದ ಎಂದಳು ಸ್ಟೇಸಿ. ನಾತೂರ್ ಎಂದರೆ ಬಿಲ್ಡಿಂಗಿನ ವಾಚ್‌ಮನ್, ಅವರದ್ದರಲ್ಲಿ ರಿಝ್ವಾನ್.

"ನಾತೂರ್ ಎಂತ ಬಿಲ್ಡಿಂಗಿನ ಓನರಾ?" ಎಂದರು ಅಂಕಲ್.

ಅದು ನಿಜವೇ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಸ್ಟೇಸಿ ಬಿಲ್ಡಿಂಗ್ ನೋಡಿಕೊಳ್ಳುವ ರಿಯಲ್ ಎಸ್ಟೇಟ್ ಆಫೀಸಿಗೆ ಹೋದಳು. ಮ್ಯಾನೇಜರ್ ಥಾಮಸ್ ಮೊದಲು ಮಾಫಿ, ಇಲ್ಲವೇ ಇಲ್ಲ ಎಂದು ಕೈ ಅಲ್ಲಾಡಿಸಿದ. ಒಬ್ಬರ ಕಾರಿಗೆ ಒಂದು ಲೈನ್ ಎಳೆದರೆ ನಾಳೆ ಹತ್ತು ಜನ ಬರುತ್ತಾರೆ. ಸ್ಟೇಸಿ ಎದ್ದು ಹೋಗಲಿಲ್ಲ. ಹಾಗಾದರೆ ಯಾವ ರೀತಿಯಲ್ಲಿ ಆಗುತ್ತದೆ ಎಂದು ಕೇಳಿದಳು. ಆ ಪ್ರಶ್ನೆ ಅವನಿಗೆ ಯಾರೂ ಕೇಳಿರಲಿಲ್ಲವೋ ಏನೋ, ಕುರ್ಚಿಗೆ ಒರಗಿ ಯೋಚಿಸಿದ. ಚಾರ್ಜಿಂಗ್ ಕಂಪನಿಗಳು ತಾವೇ ಬಂದು, ತಮ್ಮದೇ ಮೀಟರಿನಲ್ಲಿ, ಎಲ್ಲರಿಗೂ ಸೇರಿದ ಹಾಗೆ ಒಂದು ಚಾರ್ಜರ್ ಹಾಕುತ್ತಾರೆ, ಅದಕ್ಕೆ ಓನರ್ ಬೇಡ ಎನ್ನಲಿಕ್ಕಿಲ್ಲ. ಆದರೆ ಅದಕ್ಕೊಂದು ಪಾರ್ಕಿಂಗ್ ಜಾಗ ಬೇಕು. ಆ ಜಾಗ ಮತ್ತೆ ಯಾರದ್ದೂ ಅಲ್ಲ, ಚಾರ್ಜ್ ಮಾಡುವವರದ್ದು. ಟೂರಿಸ್ಟ್ ಕ್ಲಬ್ಬಿನಲ್ಲಿ ಪಾರ್ಕಿಂಗ್ ಬಿಟ್ಟುಕೊಡುವ ಒಬ್ಬ ಮನುಷ್ಯನನ್ನು ತೋರಿಸಿ ಎಂದು ಥಾಮಸ್ ನಕ್ಕ. ಅದರ ಮೇಲೆ, ಹಿಂಬದಿಯಲ್ಲಿ ಜಾಗ ಇರುವವರೆಲ್ಲ ಒಪ್ಪಬೇಕು.

ಸ್ಟೇಸಿ ಮನೆಗೆ ಬಂದು ಬಾಲ್ಕನಿಯಿಂದ ಕೆಳಗೆ ನೋಡಿದಳು. ತಗಡಿನ ಮಾಡು, ಅದರ ತುದಿಯಲ್ಲಿ ಅವಳ ಬಿಳಿ ಕಾರಿನ ಮೂತಿ. ಬಿಟ್ಟುಕೊಟ್ಟರೆ ಕಾರಿಗೆ ಕರೆಂಟು ಸಿಗುತ್ತದೆ, ನಿಲ್ಲಲು ಜಾಗ ಇರುವುದಿಲ್ಲ. ಬಿಡದಿದ್ದರೆ ಜಾಗ ಇರುತ್ತದೆ, ಓಡುವುದಿಲ್ಲ. ಓಡದ ಕಾರು ನೆರಳಲ್ಲಿ ನಿಂತು ಮಾಡುವುದಾದರೂ ಏನು? ಅವಳು ರುವೈಸಿಗೆ ಫೋನ್ ಮಾಡಿದಳು.

ಪಪ್ಪ ಪೂರ್ತಿ ಕೇಳಿದರು. ಆ ಬದಿಯಲ್ಲಿ ಟಿವಿಯ ಸದ್ದು ನಿಂತಿತು.

"ಆ ಜಾಗ ಸಿಗ್ಲಿಕ್ಕೆ ನಾನು ಎಷ್ಟು ವರ್ಷ ಕಾದಿದ್ದೆ, ಗೊತ್ತುಂಟಾ ನಿನಗೆ?"

"ಗೊತ್ತುಂಟು ಪಪ್ಪಾ."

"ಶುಕ್ರವಾರ ಸಂಜೆ ರುವೈಸಿಂದ ಅಷ್ಟು ದೂರ ಓಡಿಸ್ಕೊಂಡು ಬರ್ತೇನೆ. ಬಂದು ಎಲ್ಲಿ ನಿಲ್ಲಿಸುವುದು?"

"ಸುತ್ತುವುದು. ನಾನೂ ಸುತ್ತುತ್ತೇನೆ."

ಸ್ಟೇಸಿ ಬಾಲ್ಕನಿಯ ಕಂಬಿಗೆ ಒರಗಿ ಇನ್ನೊಂದು ಮಾತು ಸೇರಿಸಿದಳು.

"ಪಪ್ಪಾ, ಆ ಮಷಿನ್ ಕೋಣೆಗೆ ನಾನು ವಾಪಸ್ ಹೋಗುದಿಲ್ಲ. ಜಾಗ ನಿಮ್ಮದು. ಬೇಡ ಅಂದ್ರೆ ಬೇರೆ ದಾರಿ ನೋಡ್ತೇನೆ. ಆದ್ರೆ ಕಾರು ಮಾರುದಿಲ್ಲ."

"ಮಾರು ಅಂತ ನಾನು ಹೇಳಿದ್ನಾ?" ಎಂದರು ಪಪ್ಪ. "ಆ ಥಾಮಸ್‌ನ ನಂಬರ್ ಕಳಿಸು. ಎಂತ ಸಹಿ ಹಾಕ್ಬೇಕು ಕೇಳ್ತೇನೆ. ನಿನ್ನ ಮಮ್ಮಿಗೆ ನಾನು ಹೇಳುದಿಲ್ಲ, ಅದು ನಿನ್ನದೇ ತಲೆನೋವು."

ಮಮ್ಮಿಗೆ ಹೇಳಿದಾಗ ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ, ಊಟ ಮಾತ್ರ ಇತ್ತು. ಮೂರನೆಯ ದಿನ ತೆರೆಸಾ ತಾನಾಗಿಯೇ ಯಾರ್‍ಯಾರ ಮನೆಗೆ ಹೋಗಬೇಕು ಎಂದು ಕೇಳಿದಳು. ಇಷ್ಟು ವರ್ಷ ಒಂದೇ ಲಿಫ್ಟಿನಲ್ಲಿ ಹತ್ತಿಳಿದರೂ ಆ ಬಿಲ್ಡಿಂಗಿನಲ್ಲಿ ಇವರಿಗೆ ಗೊತ್ತಿದ್ದವರು ಕಡಿಮೆ. ಊರಿಡೀ ಮನೆಮನೆಗೆ ಮಾತೆಯನ್ನು ಕರೆದೊಯ್ದು ಅಭ್ಯಾಸವಾಗಿದ್ದ ಸ್ಟೇಸಿಗೆ ಈಗ ತನ್ನದೇ ಬಿಲ್ಡಿಂಗಿನ ಬಾಗಿಲು ತಟ್ಟುವುದು ಕಷ್ಟವಾಗಲಿಲ್ಲ. ತೇರ್ಸ್ ಮುಗಿಸಿ ಬಂದು ಸಂಜೆಗೊಂದು ಮನೆ. ನಮ್ಮದೇ ಜಾಗ ಕೊಡುತ್ತೇವೆ, ನಿಮ್ಮದಕ್ಕೆ ಕೈ ಹಾಕುವುದಿಲ್ಲ ಎಂದು ಹೇಳಿದ ಕೂಡಲೇ ಹೆಚ್ಚಿನವರು ಅವಳನ್ನು ಸ್ವಲ್ಪ ತಲೆ ಸರಿಯಿಲ್ಲದವಳನ್ನು ನೋಡಿದ ಹಾಗೆ ನೋಡಿ, ಚಹಾ ಕೊಟ್ಟು, ಒಪ್ಪಿದರು.

ಒಪ್ಪದವರು ಐದನೇ ಮಹಡಿಯ ಮೋಹನದಾಸ್ ಒಬ್ಬರೇ. ಉಡುಪಿ ಕಡೆಯವರು, ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟೆಂಟ್, ಆ ಬಿಲ್ಡಿಂಗಿನಲ್ಲಿ ಎಲ್ಲರಿಗಿಂತ ಹಳಬರು. ಅವರ ಕಾರಿನ ಜಾಗ ಸ್ಟೇಸಿಯದರ ಪಕ್ಕದಲ್ಲೇ. ಮೊದಲ ಸಂಜೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಎರಡನೆಯ ಸಂಜೆ ಪೂಜೆ ಆಗುತ್ತಿದೆ ಎಂದರು. ಮೂರನೆಯ ಸಂಜೆ ಸ್ಟೇಸಿ ಮೆಟ್ಟಿಲಿನ ಮೇಲೆ ಕೂತು ಕಾದಳು. ಪೂಜೆ ಮುಗಿದ ಮೇಲೆ ಅವರ ಹೆಂಡತಿಯೇ ನೋಡಿ ಒಳಗೆ ಕರೆದಳು.

"ನನಗೆ ನಿನ್ನ ಮೇಲೆ ಕೋಪ ಎಂತ ಇಲ್ಲ ಮಗಾ," ಎಂದರು ಮೋಹನದಾಸ್. "ಬ್ಯಾಟರಿಗೆ ಬೆಂಕಿ ಹಿಡಿಯುದು ಮೊಬೈಲಲ್ಲಿ ದಿನಾ ತೋರಿಸ್ತಾರೆ. ನನ್ನ ಕಾರು ಪಕ್ಕದಲ್ಲೇ. ಅದರ ಮೇಲೆ ನಮ್ಮ ಮನೆ."

ಸ್ಟೇಸಿ ವಾದಿಸಲಿಲ್ಲ. ಅವರ ಭಯ ಮೂರ್ಖತನ ಎಂದೂ ಹೇಳಲಿಲ್ಲ. ಕಂಪನಿಯ ಎಂಜಿನಿಯರ್ ಜಾಗ ನೋಡಲು ಬರುವ ದಿನ ನೀವೂ ಕೆಳಗೆ ಬನ್ನಿ, ನಿಮ್ಮ ಪ್ರಶ್ನೆ ನೀವೇ ಕೇಳಿ, ನಿಮಗೆ ಸಮಾಧಾನ ಆಗದಿದ್ದರೆ ನಾನೇ ಥಾಮಸ್‌ಗೆ ಬೇಡ ಎಂದು ಹೇಳುತ್ತೇನೆ ಎಂದಳು. ಕೊಟ್ಟ ಮಾತು ಮಾತೇ.

ಎಂಜಿನಿಯರ್ ಬಂದ ದಿನ ಮೋಹನದಾಸ್ ಆಫೀಸಿಗೆ ಅರ್ಧ ರಜೆ ಹಾಕಿ ಬಂದಿದ್ದರು. ಬಿಸಿಯಾದರೆ ಏನಾಗುತ್ತದೆ, ನೀರು ಬಿದ್ದರೆ ಏನಾಗುತ್ತದೆ, ಮಕ್ಕಳು ಮುಟ್ಟಿದರೆ ಏನಾಗುತ್ತದೆ ಎಂದು ಆ ಮನುಷ್ಯನನ್ನು ಸಾಕುಸಾಕು ಮಾಡಿದರು. ಕರೆಂಟು ತಾನಾಗಿ ನಿಲ್ಲುವುದನ್ನು ಮೊಬೈಲಿನ ವಿಡಿಯೋದಲ್ಲಿ ತೋರಿಸಿದಾಗ ಇನ್ನೊಮ್ಮೆ ತೋರಿಸು ಎಂದರು. ಚಾರ್ಜರಿಗೂ ತಮ್ಮ ಕಾರಿಗೂ ನಡುವೆ ಒಂದು ಕಬ್ಬಿಣದ ಕಂಬ ಹಾಕಿಸಿಕೊಂಡರು. ಕೊನೆಗೆ ಸ್ಟೇಸಿಯ ಕಡೆ ತಿರುಗಿದರು.

"ಒಂದು ಕಂಡಿಷನ್. ಚಾರ್ಜ್ ಆದ ಕೂಡ್ಲೇ ಕಾರು ತೆಗೀಬೇಕು. ನಮ್ಮದೇ ಜಾಗ ಇತ್ತಲ್ಲ ಅಂತ ಇಡೀ ರಾತ್ರಿ ಅಲ್ಲೇ ಮಲಗಿಸ್ಲಿಕ್ಕಿಲ್ಲ. ಯಾರಿಗಾದ್ರೂ ಸರಿ. ನಿನಗೆ ಮೊದಲು."

"ನನಗೆ ಮೊದಲು," ಎಂದಳು ಸ್ಟೇಸಿ.

ಅಲ್ಲಿಂದ ಚಾರ್ಜರ್ ಬರುವ ತನಕ ಚಳಿಗಾಲ ಪೂರ್ತಿ ಹಿಡಿಯಿತು. ಒಂದು ಆಫೀಸಿನಿಂದ ಇನ್ನೊಂದು ಆಫೀಸು, ಒಂದು ಅನುಮತಿಗೆ ಇನ್ನೊಂದು ಅನುಮತಿ. ಸ್ಟೇಸಿ ಬೆಳಗಿನ ಜಾವ ಮಾಲ್‌ಗೆ ಹೋಗುವುದನ್ನು ಬಿಡಲಿಲ್ಲ. ಬೇರೆಯವರು ವಾಕಿಂಗ್ ಹೋಗುವ ಹೊತ್ತಿಗೆ ಅವಳು ಚಾರ್ಜರಿನ ಪಕ್ಕ ಕೂತು ಚಪಾತಿ ತಿನ್ನುತ್ತ, ರೋಗಿಗಳ ಫೈಲು ಓದುತ್ತಿದ್ದಳು. ಕೆಲವೊಮ್ಮೆ ತೆರೆಸಾ ಫ್ಲಾಸ್ಕ್ ಹಿಡಿದುಕೊಂಡು ಜೊತೆಗೆ ಬರುತ್ತಿದ್ದಳು, ಕಾರು ಮಾರು ಎಂದು ಹೇಳುವುದನ್ನು ಮಾತ್ರ ನಿಲ್ಲಿಸಿದ್ದಳು. ಒಂದು ವಿಸಿಟ್ಟೂ ತಪ್ಪಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಲೈಲಾ ಸೋಫಾದಿಂದ ಎದ್ದು, ಗೋಡೆ ಮುಟ್ಟದೆ, ಸ್ಟೇಸಿಯ ಕೈಯನ್ನೂ ತಳ್ಳಿ, ವರಾಂಡಕ್ಕೆ ಹೋಗಿ ಅಲ್ಲಿನ ಕುರ್ಚಿಯಲ್ಲಿ ಕೂತಳು. ಕೂತು ಬಿಸಿಲಿಗೆ ಮುಖ ಒಡ್ಡಿ, ಖಲಾಸ್, ಇನ್ನು ನಾಳೆ ಅಂಗಳ ಎಂದಳು.

ಚಾರ್ಜರ್ ಕೂತ ದಿನ ಸಂಜೆ ಹಿಂಬದಿಯಲ್ಲಿ ಸಣ್ಣ ಜಾತ್ರೆಯೇ ಸೇರಿತ್ತು. ಪಪ್ಪನ ಹೆಸರಿನ ಬೋರ್ಡು ಕಿತ್ತು ಹಾಕಿದ್ದರು, ನೆಲಕ್ಕೆ ಹಸಿರು ಬಣ್ಣ ಬಳಿದಿದ್ದರು. ರಿಝ್ವಾನ್ ಬಟ್ಟೆ ಹಿಡಿದು ಇನ್ನೂ ಕೊಳೆಯಾಗದ ಚಾರ್ಜರನ್ನು ಒರೆಸುತ್ತಿದ್ದ. ಸ್ಟೇಸಿ ವೈರ್ ಎಳೆದು ಸಿಕ್ಕಿಸಿದಳು. ಒಂದು ಸಣ್ಣ ಕ್ಲಿಕ್, ಆಮೇಲೆ ಹಸಿರು ದೀಪ. ಬೇರೇನೂ ಆಗಲಿಲ್ಲ, ಅಷ್ಟೇ ಆಗಬೇಕಾಗಿದ್ದದ್ದು. ಬಿಲ್ಡಿಂಗಿನ ಒಂದು ದೀಪವೂ ಮಿಣುಕಲಿಲ್ಲ. ಮೂರನೇ ಮಹಡಿಯ ಒಬ್ಬರು ತಮ್ಮ ಮುಂದಿನ ಕಾರೂ ಇಂಥದ್ದೇ ಎಂದು, ಕೇಳದಿದ್ದವರಿಗೂ ಹೇಳಿದರು.

ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಫೋನ್ ಬಂತು. ಮೋಹನದಾಸ್.

"ಫುಲ್ ಆಯ್ತು ಮಗಾ. ಹಸಿರು ದೀಪ ನಿಂತದ್ದು ಬಾಲ್ಕನಿಯಿಂದ ಕಾಣ್ತದೆ ನನಗೆ. ತೆಗಿ."

"ಬಂದೆ ಅಂಕಲ್."

ಅವಳು ಕೆಳಗೆ ಹೋಗಿ ವೈರ್ ಕಳಚಿ, ಕಾರನ್ನು ಹಿಂದಕ್ಕೆ ತೆಗೆದು, ಗೇಟು ದಾಟಿ ರಸ್ತೆಗೆ ಬಂದಳು. ಎಡಗಡೆ ಜಾಗ ಇಲ್ಲ. ಬಲಗಡೆ ಜಾಗ ಇಲ್ಲ. ಮೆಡಿಕಲ್ ಶಾಪಿನ ಮುಂದೆ ಒಂದು ಖಾಲಿ ಕಂಡು ಹತ್ತಿರ ಹೋದರೆ ಅಲ್ಲೊಂದು ಬೈಕು. ಎರಡನೇ ಸುತ್ತಿನಲ್ಲಿ ಪಪ್ಪನ ಕಾರು ಎದುರಿನಿಂದ ಬಂತು. ಶುಕ್ರವಾರ, ಅವರೂ ಜಾಗ ಹುಡುಕುತ್ತಿದ್ದರು. ಗಾಜು ಇಳಿಸಿ, ಆ ಕಡೆ ಹೋಗಬೇಡ, ನಾನು ನೋಡಿ ಬಂದೆ, ಏನೂ ಇಲ್ಲ ಎಂದು ಕೈಸನ್ನೆ ಮಾಡಿ ಮುಂದೆ ಹೋದರು.

ಸಿಗ್ನಲಿನಲ್ಲಿ ನಿಂತಾಗ ಸುಮಿತ್ರಾ ಮೇಡಂನ ಮೆಸೇಜು ಬಂತು. ಅಲ್ ಐನ್‌ನಲ್ಲಿ ಹೊಸ ರೋಗಿ, ಸೊಂಟದ ಆಪರೇಷನ್ ಆದವರು, ವಾರಕ್ಕೆ ಎರಡು ಸಲ ಹೋಗಬೇಕು. ದೂರ ಇದೆ, ನಿನ್ನ ಕಾರಿನಲ್ಲಿ ಆಗುತ್ತದೋ, ಇಲ್ಲದಿದ್ದರೆ ಬೇರೆಯವರಿಗೆ ಕೇಳುತ್ತೇನೆ ಎಂದಿದ್ದರು.

ಸ್ಟೇಸಿ ಮುಂದಿನ ಪರದೆ ನೋಡಿದಳು, ಬ್ಯಾಟರಿ ತುಂಬಿ ನಿಂತಿತ್ತು. ಹೋಗ್ತೇನೆ ಮೇಡಂ, ನಾಳಿದ್ದರಿಂದಲೇ ಬೇಕಾದರೆ ನಾಳಿದ್ದರಿಂದಲೇ ಎಂದು ಟೈಪ್ ಮಾಡಿ ಕಳಿಸಿದಳು. ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹಾಕಿದ. ಅವಳು ಬಲಕ್ಕೆ ತಿರುಗಿಸಿ ಮೂರನೇ ಸುತ್ತು ಶುರುಮಾಡಿದಳು.